ಲಾರಿಯ ಸುತ್ತ ಮೂವತ್ತೆರಡು ಸುತ್ತು

ಬ್ರ್ಯಾಂಡನ್, ಮ್ಯಾನಿಟೋಬಾ
ಸೋಮವಾರ, 3 ಜೂನ್ 2019

ಓರೆಸ್ಟ್,

'ಪ್ರೀತಿಯ' ಎಂದು ಶುರು ಮಾಡಲು ಹೋದೆ, ಕೈ ಮುಂದೆ ಹೋಗಲಿಲ್ಲ. ಸದ್ಯಕ್ಕೆ ಬರಿಯ ಹೆಸರಿನಲ್ಲೇ ತೃಪ್ತಿಪಡು. ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ನಿನ್ನ ಅಕ್ಕ ನತಾಲ್ಕ ಹೇಳಿದಳು. ಲಾರಿ ಓಡಿಸದ ದಿನಗಳಲ್ಲಿ ಅವಳ ಮನೆಯ ನೆಲಮಾಳಿಗೆಯಲ್ಲಿ ಬಿದ್ದುಕೊಂಡು, ಅವಳು ಬೇಯಿಸಿದ ಪೆರೋಗಿ ಕಡುಬನ್ನೆಲ್ಲ ಬೆಣ್ಣೆಯಲ್ಲಿ ಅದ್ದಿ ಅದ್ದಿ ಮುಗಿಸುತ್ತಿದ್ದೀಯಂತೆ. ಕೇಳಿ ಸಂತೋಷವಾಯಿತು ಎಂದು ಬರೆಯುವುದು ಮರ್ಯಾದೆ, ಬರೆದಿದ್ದೇನೆ.

ನಿನ್ನ ಮೂರು ಕಾಗದಗಳೂ ತಲುಪಿವೆ. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಮೊದಲನೆಯದನ್ನು ಓದಿ ಬೈದುಕೊಂಡೆ. ಎರಡನೆಯದನ್ನು ಅರ್ಧ ಓದಿ ಬೈದೆ. ಮೂರನೆಯದರಲ್ಲಿ, ಈ ತಿಂಗಳ ಕೊನೆಯೊಳಗೆ ನಾನು ನಿನ್ನ ಜತೆ ಲಾರಿ ಹತ್ತದಿದ್ದರೆ ಕಂಪನಿಯವರು ಅದನ್ನು ಬೇರೆ ಜೋಡಿಗೆ ಕೊಟ್ಟುಬಿಡುತ್ತಾರೆ ಎಂದು ಬರೆದಿದ್ದೀಯಲ್ಲ, ಅದಕ್ಕೆ ಮಾತ್ರ ಉತ್ತರ ಕೊಡಲೇಬೇಕು ಅನ್ನಿಸಿತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಡ್ಡ ಬಾಯಿ ಹಾಕುತ್ತೀಯ. ಕಾಗದವಾದರೆ ನಾನು ಮುಗಿಸುವ ತನಕ ನೀನು ಸುಮ್ಮನೆ ಕೂತಿರಬೇಕು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಮೊದಲು ನಿನ್ನ ಸುಳ್ಳುಗಳ ವಿಚಾರ. ಜನವರಿ ಹದಿನಾಲ್ಕರ ಬೆಳಿಗ್ಗೆ ಗುಡ್ರುನ್‌ಳ ಲಾರಿ ಹೋಟೆಲಿನ ಅಂಗಳದಲ್ಲಿ, ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗಿನ ಚಳಿಯಲ್ಲಿ, ನನ್ನನ್ನು ಬಿಟ್ಟು ನೀನು ಹೊರಟುಹೋದೆ. ಅದು ಮರೆವು ಎನ್ನುತ್ತೀಯ. 'ನೀನು ಹಿಂದ್ಗಡೆ ಹಾಸಿಗೇಲಿ ಮಲಗಿದೀಯ ಅಂದ್ಕೊಂಡೆ. ಮೊದ್ಲಾದ್ರೆ ನೀನು ಹತ್ತಿದ್ರೆ ಇಳಿದ್ರೆ ಕ್ಯಾಬಿನ್ನೇ ಓಲಾಡ್ತಿತ್ತು. ಈಗ ಬೆಕ್ಕಿನ ಹಾಗೆ ಇಳೀತೀಯ, ನಂಗೆ ಹೆಂಗ್ ಗೊತ್ತಾಗ್ಬೇಕು?' ಎಂದು ಬರೆದಿದ್ದೀಯ. ಅಂದರೆ ನೀನು ನನ್ನನ್ನು ಹಿಮದಲ್ಲಿ ಬಿಟ್ಟುಹೋದದ್ದಕ್ಕೂ ನನ್ನ ಆಪರೇಷನ್ನೇ ಕಾರಣ! ಭಲೇ.

ಹೋಗಲಿ, ಟೋಪಿಯ ಕಥೆ ಏನು? ಜೋಡಿಯಾಗಿ ಲಾರಿ ಓಡಿಸುವವರೆಲ್ಲ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಒಬ್ಬರು ನಿದ್ದೆಯಲ್ಲಿದ್ದಾಗ ಇನ್ನೊಬ್ಬರು ಕೆಳಗಿಳಿದರೆ, ಎದ್ದವರು ನೋಡದೆ ಗಾಡಿ ಎತ್ತಿಬಿಡಬಾರದು ಎಂದು. ಕೆಲವರು ಸೀಟಿನ ಮೇಲೆ ಬೂಟು ಇಡುತ್ತಾರೆ. ನಮ್ಮದು ನನ್ನ ಕಿತ್ತಳೆ ಬಣ್ಣದ ಉಣ್ಣೆ ಟೋಪಿ. ಅದು ಸ್ಟಿಯರಿಂಗ್ ಮೇಲಿದ್ದರೆ ನಾನು ಹೊರಗಿದ್ದೇನೆ ಎಂದರ್ಥ. ಆವತ್ತೂ ಇಟ್ಟೇ ಇಳಿದೆ. ನಿನ್ನ ಮೊದಲ ಕಾಗದದಲ್ಲಿ ಟೋಪಿ ಇರಲೇ ಇಲ್ಲ. ಎರಡನೆಯದರಲ್ಲಿ ಅದು ಕೆಳಗೆ ಬಿದ್ದಿತ್ತು. ಮೂರನೆಯದರಲ್ಲಿ ಇತ್ತು, ಆದರೆ ಒಳಗೆ ಬಂದ ಮೇಲೆ ನಾನು ತೆಗೆಯಲು ಮರೆತಿದ್ದೇನೆ ಎಂದುಕೊಂಡೆಯಂತೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಒಂದು ಸಲವೂ ಕೇಳದೆ ನೀನು ಮೂರು ಸಲ ಹೆಗಲು ಮುಟ್ಟಿಕೊಂಡೆ. ನೀನು ಹೇಳುವುದು ಸುಳ್ಳು ಎಂದು ನನಗೆ ಗೊತ್ತು, ಓರೆಸ್ಟ್. ಊಹೆಯಲ್ಲ, ಗೊತ್ತು.

ಆಪರೇಷನ್ನನ್ನು ನಾನೊಬ್ಬಳೇ ಕದ್ದುಮುಚ್ಚಿ ಮಾಡಿಸಿಕೊಂಡೆನೇನೋ ಎನ್ನುವಂತೆ ನತಾಲ್ಕಳ ಹತ್ತಿರ ಮಾತಾಡಿದ್ದೀಯಂತೆ. ನೆನಪಿಸುತ್ತೇನೆ. ಇಬ್ಬರೂ ಮಾಡಿಸಿಕೊಳ್ಳೋಣ ಎಂದವನು ನೀನು. ನಾನು ನೂರ ನಲವತ್ತೆರಡು ಕಿಲೋ, ನೀನು ನೂರ ಅರವತ್ತು ಮೀರಿದ್ದೆ. ಮೊಣಕಾಲು ಹಿಡಿದುಕೊಂಡು ಕ್ಯಾಬಿನ್ನಿನ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ನಮ್ಮಿಬ್ಬರಿಗೂ ದೇವರು ಕಾಣುತ್ತಿದ್ದ. ವಿನ್ನಿಪೆಗ್ಗಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಸಿದ್ಧಮಾಡುವ ಮೊದಲ ತರಗತಿಗೆ ಜತೆಯಾಗಿಯೇ ಹೋದೆವು. ಆ ನರ್ಸಮ್ಮ ಔಷಧಿ ಕುಡಿಸುವ ಪುಟ್ಟ ಲೋಟವನ್ನು ಎತ್ತಿ ತೋರಿಸಿ, "ಮೊದಲ ತಿಂಗಳು ನಿಮ್ಮ ಊಟ ಇಷ್ಟೇ" ಅಂದಾಗ ನೀನು ಎದ್ದು ಹೋದೆ. ಮೂತ್ರಕ್ಕೆ ಹೋದೆಯೆಂದು ನಾನು ಪಕ್ಕದ ಕುರ್ಚಿಯ ಮೇಲೆ ನಿನ್ನ ಕೋಟು ಹಾಕಿಟ್ಟು ಕಾದೆ. ತರಗತಿ ಮುಗಿದ ಮೇಲೆ ನೋಡಿದರೆ ನೀನು ಎದುರಿನ ಹೋಟೆಲಿನಲ್ಲಿ ಕೂತು ಎರಡನೆಯ ತಟ್ಟೆ ಮುಗಿಸುತ್ತಿದ್ದೆ. "ನಾನೇನ್ ಹಸುಗೂಸಾ, ಒಳಲೇಲಿ ಕುಡಿಯೋಕೆ?" ಅಂದೆ. ನಾನು ನಕ್ಕುಬಿಟ್ಟೆ. ಆಗ ನಗಬಾರದಿತ್ತು.

2017ರ ನವೆಂಬರಿನಲ್ಲಿ ನನ್ನ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಒಂದು ಬಾಳೆಹಣ್ಣಿನಷ್ಟು ಉಳಿಸಿ ಹೊಲಿದರು. ಎಂಟು ವಾರದ ನಂತರ ನಾನು ಮತ್ತೆ ಲಾರಿ ಹತ್ತಿದೆ. ನೀನು ನನ್ನನ್ನು ಬರಮಾಡಿಕೊಂಡದ್ದು ಹೇಗೆ? ಡ್ಯಾಶ್‌ಬೋರ್ಡಿನ ಮೇಲೆ ಒಂದು ಡಜನ್ ಡೋನಟ್, ಮೇಪಲ್ ಪಾಕ ಹಚ್ಚಿದವು, ನನಗೆ ಪ್ರಾಣವಾದವು. "ಒಂದ್ ತಿಂದ್ರೆ ಸತ್ತೋಗ್ತೀಯಾ?" ಅಂದೆ. ಒಂದು ತಿಂದೆ. ಅರ್ಧ ಗಂಟೆಯಲ್ಲಿ ಬೆವರಿ, ನಡುಗಿ, ರಸ್ತೆ ಬದಿಯಲ್ಲಿ ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿಕೊಂಡೆ. ನೀನು ಕಿಟಕಿಯಿಂದ ಬಗ್ಗಿ ನೋಡಿ, "ದುಡ್ಡು ಕೊಟ್ಟು ರೋಗ ತಂದ್ಕೊಂಡ್ಯಲ್ಲೇ" ಅಂದೆ. ಆಮೇಲೆ ಸಿಕ್ಕಸಿಕ್ಕ ಹೋಟೆಲಿನಲ್ಲೆಲ್ಲ ನನ್ನೆದುರೇ ಸಾರಿದೆ: "ನನ್ ಜತೆ ಕೂತು ಊಟ ಮಾಡ್ತಿದ್ದ ಹೆಂಗಸ್ನ ಡಾಕ್ಟ್ರು ಕೊಯ್ದು ಬಕೆಟ್ಟಿಗೆ ಹಾಕಿದ್ರು ಕಣ್ರೋ. ಇವಳ್ಯಾರೋ ನಂಗೊತ್ತಿಲ್ಲ." ಎಲ್ಲರೂ ನಕ್ಕರು. ನಾನು ಅರ್ಧ ಮೊಟ್ಟೆಯನ್ನು ಇಪ್ಪತ್ತು ನಿಮಿಷ ಅಗಿಯುತ್ತಾ ಕೂತಿದ್ದೆ.

ನಡಿಗೆಯನ್ನು ನಾನು ಇಷ್ಟಪಟ್ಟು ಹಿಡಿದೆ ಎಂದು ನೀನು ತಿಳಿದಿರುವೆ. ಇಲ್ಲಪ್ಪ. ಮೊದಲೂ ದ್ವೇಷಿಸುತ್ತಿದ್ದೆ, ಈಗಲೂ ಬೆಳಿಗ್ಗೆ ಬೂಟಿನ ದಾರ ಕಟ್ಟುವಾಗ ಶಪಿಸಿಕೊಂಡೇ ಕಟ್ಟುತ್ತೇನೆ. ಇಪ್ಪತ್ತಾರು ವರ್ಷ ಕೂತು ದುಡಿದವಳು ನಾನು. ಕೂತು ತಿಂದೆ, ಕೂತು ಓಡಿಸಿದೆ, ಕೂತೇ ಜಗಳವಾಡಿದೆ. ಆದರೆ ಆ ನರ್ಸಮ್ಮ, "ಕತ್ತಿ ಅರ್ಧ ಕೆಲಸ ಮಾಡುತ್ತೆ ಮೇವಿಸ್, ಮಿಕ್ಕರ್ಧ ನಿಮ್ಮ ಕಾಲು ಮಾಡ್ಬೇಕು. ಮಾಡ್ಲಿಲ್ಲ ಅಂದ್ರೆ ಮೂರು ವರ್ಷದಲ್ಲಿ ಮತ್ತೆ ಇಲ್ಲೇ ಬಂದು ಅಳ್ತೀರ" ಎಂದಿದ್ದಳು. ಲಾರಿಯವರಿಗೆ ಜಿಮ್ ಎಲ್ಲಿ ಬರಬೇಕು? ಇಂಧನ ತುಂಬಿಸುವ ಕಡೆ ಒಬ್ಬಳು ಡ್ರೈವರ್ ಹೇಳಿಕೊಟ್ಟಳು: ನಮ್ಮಂಥ ಉದ್ದದ ಲಾರಿಯ ಸುತ್ತ ಮೂವತ್ತೆರಡು ಸುತ್ತು ಹಾಕಿದರೆ ಒಂದು ಮೈಲಿ. ಮೊದಲ ದಿನ ಎರಡು ಸುತ್ತಿಗೆ ಚಕ್ರ ಹಿಡಿದು ನಿಂತೆ. ವಾರದ ಕೊನೆಗೆ ಐದು. ಡೀಸೆಲ್ ಹೊಗೆ, ಸೊಳ್ಳೆ, ಕೆಸರು, ಇಳಿಬಿದ್ದ ಹೊಟ್ಟೆಯ ಚರ್ಮ ಪ್ಯಾಂಟಿನೊಳಗೆ ಉಜ್ಜಿ ಉಜ್ಜಿ ಗಾಯ. ಹೋದ ವರ್ಷದ ಮೇ ತಿಂಗಳಲ್ಲಿ ಮೂವತ್ತೆರಡು ಮುಟ್ಟಿದೆ. ಆವತ್ತು ಯಾರಿಗಾದರೂ ಹೇಳಬೇಕೆನ್ನಿಸಿತು. ಸುತ್ತಲೂ ನೋಡಿದರೆ ನೀನೊಬ್ಬನೇ ಇದ್ದೆ.

ಹೇಳಿದೆ. ನೀನು ಏನು ಮಾಡಿದೆ? ಮಾರನೆಯ ದಿನದಿಂದ ಪ್ರತಿ ಸುತ್ತಿಗೂ ಹಾರ್ನ್ ಒತ್ತಿದೆ. ನಾನು ಲಾರಿಯ ಮೂತಿಯ ಮುಂದೆ ಬಂದಾಗಲೆಲ್ಲ ಭೋಂ! ಬೇರೆ ಡ್ರೈವರುಗಳು ಕಿಟಕಿ ಇಳಿಸಿ ನೋಡುವರು. "ಗಾಣದೆತ್ತು ಬಂತು, ದಾರಿ ಬಿಡ್ರೋ!" ಎಂದು ಕೂಗುತ್ತಿದ್ದೆ. "ಎಷ್ಟ್ ಸುತ್ತಿದ್ರೂ ಅಲ್ಲೇ ಇರ್ತೀಯಲ್ಲೇ" ಎನ್ನುತ್ತಿದ್ದೆ. ಅದು ತಮಾಷೆ ಎಂದು ನೀನು ಇವತ್ತಿಗೂ ನಂಬಿದ್ದೀಯ. ನನಗೆ ಆ ಹಾರ್ನ್ ಈಗಲೂ ಕನಸಿನಲ್ಲಿ ಬರುತ್ತದೆ. ಅದಕ್ಕೇ ನಮ್ಮ ಲಾರಿ ಬಿಟ್ಟು, ಅಂಗಳದ ಕೊನೆಯಲ್ಲಿ ನಿಂತ ಸಾಲು ಲಾರಿಗಳನ್ನು ಸುತ್ತತೊಡಗಿದೆ. ನಿನ್ನ ಕಣ್ಣಿಗೆ ಬೀಳಬಾರದು, ಅಷ್ಟೇ. ಇದನ್ನೂ ತಿಳಿದುಕೋ: ಆವತ್ತು ನಾನು ನಿನಗೆ ಕಾಣದ ಹಾಗೆ ಇದ್ದದ್ದು ನಿನ್ನಿಂದಲೇ.

ಏಳನೆಯ ಸುತ್ತು ಮುಗಿಸಿ ಬಂದೆ. ನಮ್ಮ ಲಾರಿ ಇದ್ದ ಜಾಗದಲ್ಲಿ ಹಿಮವಿಲ್ಲದ ಕಪ್ಪು ಚೌಕ ಮಾತ್ರ ಇತ್ತು. ಬೇರೆ ಕಡೆ ನಿಲ್ಲಿಸಿದ್ದೀಯೇನೋ ಎಂದು ಅಂಗಳವೆಲ್ಲ ಹುಡುಕಿದೆ. ಫೋನು ಲಾರಿಯೊಳಗೆ, ಕೈಚೀಲ ಲಾರಿಯೊಳಗೆ, ಗಂಟೆಗೊಮ್ಮೆ ಗುಟುಕರಿಸಬೇಕಾದ ನನ್ನ ನೀರಿನ ಬಾಟಲಿ ಕೂಡ ಲಾರಿಯೊಳಗೆ. ಗುಡ್ರುನ್ ಕೌಂಟರಿನ ಹಿಂದಿನಿಂದ ನನ್ನ ಮುಖ ನೋಡಿ, "ಜಗಳ ಆಯ್ತಾ?" ಅಂದಳು. ಆಗಿರಲಿಲ್ಲವಲ್ಲ, ಅದೇ ಅವಮಾನ. ಜಗಳವಾಗಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ನೂರು ಕಿಲೋಮೀಟರ್ ಆಚೆ ಇಗ್ನಾಸ್ ಊರಿನಿಂದ ನೀನು ಹೋಟೆಲಿಗೆ ಫೋನ್ ಮಾಡಿದಾಗ ನನಗೆ ಸಿಕ್ಕ ಮಾತು ಇಷ್ಟು: "ಸಂಜೆ ಐದಕ್ಕೆ ಸಾಮಾನು ವಿನ್ನಿಪೆಗ್‌ನಲ್ಲಿರ್ಬೇಕು. ತಿರುಗ್ಸೋಕಾಗಲ್ಲ. ಯಾರಾದ್ರೂ ಈ ಕಡೆ ಬರೋರ್ ಜತೆ ಹತ್ಕೊಂಡ್ ಬಂದ್ಬಿಡು." ಆ ಲಾರಿಯಲ್ಲಿ ಏನಿತ್ತು ಗೊತ್ತಾ? ಪ್ಲಾಸ್ಟಿಕ್ ಕುರ್ಚಿಗಳು. ನಾನು ಪ್ಲಾಸ್ಟಿಕ್ ಕುರ್ಚಿಗಿಂತ ಕಡಿಮೆ.

ನನ್ನನ್ನು ಹತ್ತಿಸಿಕೊಂಡವನು ಮಲ್ಕೀತ್ ಸಿಂಗ್ ಎಂಬ ಅರವತ್ತು ದಾಟಿದ ಡ್ರೈವರ್. ಕಥೆಯೆಲ್ಲ ಕೇಳಿ ಹೀಟರಿನ ಗಾಳಿಯನ್ನು ನನ್ನ ಕಡೆ ತಿರುಗಿಸಿದ. ಆಮೇಲೆ, "ನಮ್ಮೂರಲ್ಲಿ ಎಮ್ಮೆ ತಪ್ಪಿಸ್ಕೊಂಡ್ರೂ ತಿರುಗಿ ಹೋಗಿ ಹುಡುಕ್ತಾರೆ, ತಂಗಿ" ಅಂದ. "ಎಮ್ಮೆ ಹಾಲು ಕೊಡುತ್ತಲ್ಲಣ್ಣ" ಅಂದೆ. ಇಬ್ಬರೂ ನಕ್ಕೆವು, ಆಮೇಲೆ ನಾನು ಅತ್ತೆ. ಇಗ್ನಾಸಿನಲ್ಲಿ ಅವನು ಚಹಾ ಕುಡಿಯಲು ನಿಲ್ಲಿಸಿದಾಗ ಬಾಕಿಯಿದ್ದ ಸುತ್ತುಗಳನ್ನು ಅವನ ಲಾರಿಯ ಸುತ್ತ ಹಾಕಿ ಮುಗಿಸಿದೆ. ಅಂಥ ದಿನವೂ ಬಿಡಲಿಲ್ಲ. ಬಿಟ್ಟಿದ್ದರೆ ನೀನು ಗೆದ್ದ ಹಾಗಾಗುತ್ತಿತ್ತು.

ಸಂಜೆ ವಿನ್ನಿಪೆಗ್ಗಿನ ಗೋದಾಮಿನಲ್ಲಿ ನೀನು ಸೀಟು ಬಿಟ್ಟು ಇಳಿಯಲಿಲ್ಲ. ಕಿಟಕಿ ಇಳಿಸಿದೆ. ನನ್ನ ಮುಖ ನೋಡಲಿಲ್ಲ. "ತಿಂದ್ಯಾ ಏನಾದ್ರೂ?" ಅಂದೆ. ಆ ಫೋನ್ ಆಗಿ ಏಳು ಗಂಟೆ ಕಾಲ ಕಳೆದ ನಂತರ ನಿನ್ನ ಬಾಯಿಂದ ಬಂದ ಮೊದಲ ಮಾತು ಅದು. ನಾನು ನನ್ನ ಚೀಲ ಎತ್ತಿಕೊಂಡು ಬಸ್ಸು ಹಿಡಿದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಇಲ್ಲ. ಲಾರಿಯನ್ನು ಬೇರೆ ಜೋಡಿಗೆ ಕೊಡಲಿ. ಬ್ರ್ಯಾಂಡನ್‌ನಿಂದ ರೆಜೈನಾಕ್ಕೆ ಹೋಗಿಬರುವ ಕೆಲಸ ನನಗೆ ಸಿಕ್ಕಿದೆ, ಒಬ್ಬಳೇ ಓಡಿಸುವುದು, ರಾತ್ರಿ ಮನೆಯ ಹಾಸಿಗೆ. ಬರುವ ಸೋಮವಾರ ಸಹಿ ಹಾಕಬೇಕು. ಹತ್ತೊಂಬತ್ತು ವರ್ಷ ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದೆವು, ಒಟ್ಟಿಗೆ ಅಲ್ಲ. ನೀನೆದ್ದ ಶಾಖದಲ್ಲಿ ನಾನು, ನಾನೆದ್ದ ಶಾಖದಲ್ಲಿ ನೀನು. ಜತೆಗೆ ಇದ್ದದ್ದು ಊಟದಲ್ಲಿ ಮಾತ್ರ. ಅದು ನನಗೂ ಗೊತ್ತು. ನಿನ್ನೆದುರು ಕೂತು, ಒಂದೇ ತಟ್ಟೆಯ ಆಲೂಗೆಡ್ಡೆಗೆ ಇಬ್ಬರೂ ಕೈ ಹಾಕಿ, ಕೊನೆಯ ತುಂಡಿಗೆ ಕಚ್ಚಾಡುತ್ತಿದ್ದೆವಲ್ಲ, ಅದು ಹೋದದ್ದಕ್ಕೆ ನನಗೂ ದುಃಖವಿದೆ. ಆದರೆ ಅದನ್ನು ಉಳಿಸಿಕೊಳ್ಳಲು ನಾನು ಸಾಯಬೇಕಿತ್ತು. ನೀನು ಅದನ್ನು ಒಂದು ದಿನವೂ ಒಪ್ಪಲಿಲ್ಲ.

ಇಲ್ಲಿ ಹೊಸದೇನಿಲ್ಲ. ಟೊಮೇಟೊ ಸಸಿ ನೆಟ್ಟಿದ್ದೇನೆ, ಮೊಲಗಳು ತಿನ್ನುತ್ತಿವೆ. ಉದುರಿದ್ದ ತಲೆಗೂದಲು ಮತ್ತೆ ಬರುತ್ತಿದೆ, ಗುಂಗುರಾಗಿ. ನಿತ್ಯ ಬೆಳಿಗ್ಗೆ ಹೊಳೆದಂಡೆಯ ದಾರಿಯಲ್ಲಿ ಆರು ಕಿಲೋಮೀಟರ್ ನಡೆಯುತ್ತೇನೆ. ನೇರ ದಾರಿ, ಸುತ್ತುವುದಿಲ್ಲ. ಎಂಬತ್ತೊಂದು ಕಿಲೋ ಇದ್ದೇನೆ.

ಕಾಗದದ ಕೊನೆಗೆ ಒಳ್ಳೆಯದನ್ನು ಹಾರೈಸಬೇಕು. ನಿನ್ನ ರಸ್ತೆ ಒಣಗಿರಲಿ, ಬ್ರೇಕು ಹಿಡಿಯಲಿ, ಅಡ್ಡ ಬರುವ ಜಿಂಕೆಗಳಿಗೆ ಬುದ್ಧಿ ಬರಲಿ. ಸಕ್ಕರೆ ಪರೀಕ್ಷೆ ಮಾಡಿಸಿಕೋ. ಕಾಲಿನ ಊತವನ್ನು ಡಾಕ್ಟರಿಗೆ ತೋರಿಸು, ನತಾಲ್ಕಳಿಗಲ್ಲ.

ಇಂತಿ,
ಮೇವಿಸ್

ತಾ.ಕ. ಇದನ್ನು ಬರೆಯಬಾರದೆಂದಿದ್ದೆ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ.

ಕಳೆದ ತಿಂಗಳು ಗುಡ್ರುನ್‌ಳ ಹೋಟೆಲಿಗೆ ಹೋಗಿದ್ದೆ. ಟೋಪಿಯ ವಿಷಯದಲ್ಲಿ ನಿನ್ನ ಬಾಯಿ ಮುಚ್ಚಿಸಲು ಸಾಕ್ಷಿ ಹುಡುಕಿಕೊಂಡು, ಅಷ್ಟು ದೂರ. ಅಂಗಳದ ಕಂಬದ ಮೇಲೆ ಅವರ ಕ್ಯಾಮೆರಾ ಇದೆ. ಆ ಬೆಳಗಿನ ಚಿತ್ರವನ್ನು ಗುಡ್ರುನ್ ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ. 'ಹೆಂಡತಿಯನ್ನು ಮರೆತ ಗಂಡ' ಎಂದು ಚಳಿಗಾಲವೆಲ್ಲ ಬಂದವರಿಗೆ ತೋರಿಸಿ ನಕ್ಕಿದ್ದಾರೆ. "ಎಲ್ರೂ ಲಾರಿ ಹೊರಡೋದು, ನೀನು ಬಂದು ಹುಡುಕೋದು, ಅದಷ್ಟೇ ನೋಡಿ ನಗ್ತಾರೆ" ಅಂದಳು. "ಮೊದಲಿಂದ ಹಾಕು" ಅಂದೆ.

ನಾನು ಲಾರಿಗಳ ಸಾಲಿನುದ್ದಕ್ಕೂ ನಡೆದುಹೋಗುತ್ತೇನೆ. ನಿನ್ನ ಬಾಗಿಲು ತೆರೆಯುತ್ತದೆ. ನೀನು ಹಿಮ್ಮುಖವಾಗಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತೀಯ. ನನ್ನ ಟೋಪಿ ನಿನ್ನ ತಲೆಯ ಮೇಲಿದೆ. ನೀನು ನನ್ನ ಹಿಂದೆ ನಡೆಯುತ್ತೀಯ. ಹೋಟೆಲಿನ ಕಡೆಗಲ್ಲ, ಶೌಚಾಲಯದ ಕಡೆಗಲ್ಲ, ನನ್ನ ಹಿಂದೆ. ಒಂದು ಲಾರಿ, ಎರಡು, ಮೂರು. ಆರನೆಯ ಲಾರಿಯ ಹತ್ತಿರ ನಿಂತು, ಅದರ ಚಕ್ರಕ್ಕೆ ಕೈ ಕೊಟ್ಟು ಬಗ್ಗುತ್ತೀಯ. ನಾನು ಅಷ್ಟರಲ್ಲಿ ಸಾಲಿನ ಕೊನೆ ಮುಟ್ಟಿರುತ್ತೇನೆ. ನೀನು ಕೈ ಎತ್ತುತ್ತೀಯ. ಬಾಯಿ ತೆರೆಯುತ್ತೀಯ, ಎರಡು ಸಲ. ನಾನು ಕೋಟಿನ ಟೊಪ್ಪಿಗೆಯನ್ನು ಬಿಗಿಯಾಗಿ ಕಟ್ಟಿಕೊಂಡಿದ್ದೇನೆ, ಅಷ್ಟೂ ಲಾರಿಗಳ ಇಂಜಿನ್‌ಗಳು ಓಡುತ್ತಿವೆ, ನಾನು ತಿರುಗುವುದಿಲ್ಲ. ಮರೆಯಾಗಿ ಹೋಗುತ್ತೇನೆ. ಆಮೇಲೆ ನೀನು ಆ ಆರು ಲಾರಿಗಳನ್ನು ಹಿಂದಕ್ಕೆ ದಾಟಿ ಹೋಗುವುದನ್ನು ನೋಡಿದೆ. ನಾಲ್ಕು ನಿಮಿಷ ಬೇಕಾಯಿತು.

ನಾನು ಕೇಳಿಸಿಕೊಂಡೂ ನಿಲ್ಲಲಿಲ್ಲ ಎಂದುಕೊಂಡೆಯಾ? ಅದಕ್ಕೇ ಸಿಟ್ಟಿನಲ್ಲಿ ಗಾಡಿ ಎತ್ತಿದೆಯಾ? ಇಷ್ಟೂ ದಿನ ಹೆಂಡತಿಯನ್ನು ಮರೆತ ಪೆದ್ದ ಎಂದು ಊರಿನವರಿಂದೆಲ್ಲ ಅನ್ನಿಸಿಕೊಂಡೆ, ಮೂರು ಸುಳ್ಳು ಬರೆದೆ, ಆದರೆ 'ನಿನ್ನ ಜತೆ ನಡೆಯೋಣವೆಂದು ಇಳಿದೆ, ಆಗಲಿಲ್ಲ' ಎಂಬ ಒಂದು ಸಾಲು ಬರೆಯಲು ನಿನ್ನ ಕೈ ಬಿದ್ದುಹೋಗಿತ್ತಾ? ನಾನು ನಗುತ್ತೇನೆ ಎಂದುಕೊಂಡೆಯಾ? ನೀನಾಗಿದ್ದರೆ ನಗುತ್ತಿದ್ದೆ. ನಾನು ನೀನಲ್ಲ. ಚಳಿಯಲ್ಲಿ ಬಿಟ್ಟುಹೋದದ್ದನ್ನು ನಾನು ಕ್ಷಮಿಸಿಲ್ಲ, ಅದು ಹಾಗೇ ಇರಲಿ.

ಆ ಕ್ಯಾಮೆರಾಕ್ಕೆ ಧ್ವನಿಯಿಲ್ಲ, ಓರೆಸ್ಟ್. ಹದಿನೇಳು ಸಲ ಹಾಕಿಸಿ ನೋಡಿದೆ, ಗುಡ್ರುನ್ ಕೊನೆಗೆ ಫೋನನ್ನೇ ಕಿತ್ತುಕೊಂಡಳು. ಏನೆಂದು ಕೂಗಿದೆ? ಬೈದಿದ್ದರೆ ಬೈದೆ ಎಂದು ಸೋಮವಾರದೊಳಗೆ ಬರೆ, ನೆಮ್ಮದಿಯಾಗಿ ಹೋಗಿ ಸಹಿ ಹಾಕುತ್ತೇನೆ. 'ಮೇವಿಸ್, ನಿಂತ್ಕೋ' ಎಂದಿದ್ದರೆ ಮಾತ್ರ ಬರೆಯಬೇಡ. ಅದು ಗೊತ್ತಾದರೆ ನನ್ನಿಂದ ಸಹಿ ಹಾಕಲಾಗುವುದಿಲ್ಲ.